ಟೇಕ್‌ಗಳನ್ನು ಜೋಡಿಸಿದ ಕಡೆ 'ಟಿಕ್' ಅನ್ನುವ ಸದ್ದು, ಏನು ಮಾಡಿದರೂ ಹೋಗುತ್ತಿಲ್ಲ

ಮಂದ್ರಸ್ಥಾಯಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಕಂಡೆನ್ಸರ್ ಮೈಕ್ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುತ್ತೇನೆ. ಒಂದೇ ಚರಣವನ್ನು ಹಲವು ಸಲ ಹಾಡಿ (ಒಂದೊಂದು ಸಲದ್ದೂ ಒಂದು ಟೇಕ್), ಚೆನ್ನಾಗಿ ಬಂದ ಸಾಲುಗಳನ್ನು ಆರಿಸಿ ಜೋಡಿಸುವುದು ನನ್ನ ರೀತಿ. ಜೋಡಿಸಿದ ಕಡೆ ಸಣ್ಣಗೆ 'ಟಿಕ್' ಅನ್ನುತ್ತದೆ. ಸ್ಪೀಕರ್‌ನಲ್ಲಿ ಗೊತ್ತಾಗುವುದಿಲ್ಲ, ಹೆಡ್‌ಫೋನ್ ಹಾಕಿದರೆ ಅದೊಂದೇ ಕೇಳಿಸುತ್ತದೆ. ಅಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಝಡ್ ಕೀ ಒತ್ತಿ, ಝೀರೋ ಕ್ರಾಸಿಂಗ್ (ಅಲೆ ಸೊನ್ನೆಯ ಗೆರೆ ದಾಟುವ ಜಾಗ) ನೋಡಿಯೇ ಕತ್ತರಿಸುತ್ತಿದ್ದೇನೆ. ಆದರೂ ಕೆಲವು ಕಡೆ ಟಿಕ್ ಉಳಿದಿದೆ. ಯಾಕೆ?

ಇನ್ನೊಂದು. ಸಾಲುಗಳ ನಡುವೆ ಇದ್ದದ್ದನ್ನೆಲ್ಲ ಅಳಿಸಿದ್ದೇನೆ, ಉಸಿರನ್ನೂ ಬಿಟ್ಟಿಲ್ಲ. ಈಗ ದನಿ ದಿಢೀರನೆ ಬಂದು ದಿಢೀರನೆ ಮಾಯವಾಗುತ್ತದೆ.

ಕತ್ತರಿಕಿವಿ:
ಝೀರೋ ಕ್ರಾಸಿಂಗನ್ನು ಜನ ಅಗತ್ಯಕ್ಕಿಂತ ಜಾಸ್ತಿ ನಂಬುತ್ತಾರೆ ಅಂತ ನನ್ನ ಅನಿಸಿಕೆ. ಎರಡು ತುದಿಗಳೂ ಸೊನ್ನೆಯಲ್ಲೇ ಇರಬಹುದು. ಆದರೆ ಒಂದು ಕಡೆ ಅಲೆ ಮೇಲಕ್ಕೆ ಹೋಗುತ್ತಿದ್ದು, ಇನ್ನೊಂದು ಕಡೆ ಕೆಳಗೆ ಇಳಿಯುತ್ತಿದ್ದರೆ? ಅಲ್ಲಿ ಒಂದು ಚೂಪು ಮೂಲೆ ಉಳಿಯುತ್ತದೆ. ಕಿವಿ ಅದನ್ನು ಹಿಡಿಯುತ್ತದೆ. ಸ್ಟೀರಿಯೋ ಕ್ಲಿಪ್ ಆದರೆ ಕಥೆ ಇನ್ನೂ ಕಷ್ಟ, ಎಡದ ಚಾನೆಲ್ ಸೊನ್ನೆ ಮುಟ್ಟುವ ಹೊತ್ತಿಗೆ ಬಲದ್ದು ಎಲ್ಲೋ ಇರುತ್ತದೆ. ಇನ್ನು ರೆಕಾರ್ಡಿಂಗ್‌ನಲ್ಲಿ ಡಿಸಿ ಆಫ್‌ಸೆಟ್ ಇದ್ದರೆ ಇಡೀ ವೇವ್‌ಫಾರ್ಮ್ (ತೆರೆಯ ಮೇಲೆ ಕಾಣುವ ಸದ್ದಿನ ಅಲೆ) ನಡುಗೆರೆಯಿಂದ ಸ್ವಲ್ಪ ಮೇಲೋ ಕೆಳಗೋ ಕೂತಿರುತ್ತದೆ. ಅಂಥ ಕ್ಲಿಪ್ಪನ್ನು ಪೂರ್ತಿ ನಿಶ್ಶಬ್ದದ ಪಕ್ಕ ಇಟ್ಟರೆ ಅಂಚಿನಲ್ಲಿ ಟಿಕ್ ಬಂದೇ ಬರುತ್ತದೆ. ಮೊದಲು ಅದನ್ನು ತೆಗೆದುಬಿಡಿ.

ನಿಜವಾದ ಮದ್ದು ಕ್ರಾಸ್‌ಫೇಡ್, ಅಂದರೆ ಒಂದು ಕ್ಲಿಪ್‌ನ ಸದ್ದು ಇಳಿಯುತ್ತಿರುವಾಗಲೇ ಇನ್ನೊಂದರದ್ದು ಏರುವುದು. ದನಿಗೆ 5ರಿಂದ 10 ಮಿಲಿಸೆಕೆಂಡ್ ಸಾಮಾನ್ಯವಾಗಿ ಸಾಕು. 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆಯುವ ರೆಕಾರ್ಡಿಂಗ್‌ನಲ್ಲಿ) 10 ಮಿಲಿಸೆಕೆಂಡ್ ಅಂದರೆ 441 ಸ್ಯಾಂಪಲ್, ಅಂದರೆ ಅಷ್ಟು ಅಳತೆ. ಬೇಸ್ ಗಿಟಾರ್‌ಗೆ ಇದು ಸಾಲದು. 50 ಹರ್ಟ್ಸ್‌ನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಅಲ್ಲಿ 2 ಮಿಲಿಸೆಕೆಂಡ್ ಫೇಡ್ ಹಾಕಿದರೆ ಟಿಕ್ ಹೋಗಿ 'ಧಬ್' ಬರುತ್ತದೆ, ಅಷ್ಟೇ.

ಆದರೆ ಫೇಡ್ ಎಷ್ಟು ಉದ್ದ ಅನ್ನುವುದಕ್ಕಿಂತ ಎಲ್ಲಿ ಕತ್ತರಿಸುತ್ತೀರಿ ಅನ್ನುವುದು ಮುಖ್ಯ. ಸ್ವರದ ನಡುವೆ, 'ಆ' ಅಂತ ಎಳೆಯುತ್ತಿರುವಾಗ ಕತ್ತರಿಸಬೇಡಿ. ಎರಡು ಟೇಕ್‌ಗಳಲ್ಲಿ ಶ್ರುತಿ ಕೂದಲೆಳೆಯಷ್ಟು ಬೇರೆಯಾದರೂ ಬಯಲಾಗುತ್ತದೆ. 'ಕ', 'ತ', 'ಪ' ಬರುವ ಜಾಗ ಹುಡುಕಿ. ಈ ಅಕ್ಷರಗಳಲ್ಲಿ ಸದ್ದು ಒಡೆಯುವ ಮುಂಚೆ ಬಾಯಿ ಒಂದು ಕ್ಷಣ ಮುಚ್ಚಿರುತ್ತದೆ. ಅಲ್ಲಿ ವೇವ್‌ಫಾರ್ಮ್ ಹೆಚ್ಚುಕಡಿಮೆ ಚಪ್ಪಟೆ. ಕನ್ನಡದಲ್ಲಿ ನಮಗೆ ಒತ್ತಕ್ಷರದ ಅನುಕೂಲ ಬೇರೆ ಇದೆ. 'ಸುತ್ತ', 'ಅಕ್ಕ', 'ತಪ್ಪು' ಇಂಥ ಪದಗಳಲ್ಲಿ ಆ ಮುಚ್ಚಿದ ಹೊತ್ತು ಇನ್ನೂ ಉದ್ದ. ಝೂಮ್ ಮಾಡಿದರೆ ಕಣ್ಣಿಗೇ ಕಾಣುತ್ತದೆ. ಅಲ್ಲಿ ಜೋಡಿಸಿದರೆ ಪತ್ತೆ ಹಚ್ಚುವುದು ಕಷ್ಟ. 'ಸ', 'ಶ' ಕೂಡ ಪರವಾಗಿಲ್ಲ, ಅವು ಬರೀ ಗಾಳಿ ಸದ್ದು, ಜೋಡಣೆ ಅದರಲ್ಲಿ ಮುಳುಗಿಹೋಗುತ್ತದೆ.

ಸುಮ್ನೆಕೇಳುಗ:
ಇಷ್ಟೆಲ್ಲ ಬೇಕಾ? ರೀಪರ್‌ನಂಥ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್‌ನ ತುದಿಗಳಿಗೆ ಸಣ್ಣ ಫೇಡ್ ತಾನಾಗಿಯೇ ಬೀಳುತ್ತದೆ ಅಲ್ವಾ? ನಾನು ಝೂಮ್ ಮಾಡಿ ನೋಡುವುದೇ ಇಲ್ಲ.

ಕತ್ತರಿಕಿವಿ:
ಸಾಲುಗಳ ನಡುವಿನ ಖಾಲಿ ಜಾಗಕ್ಕೆ ಅದು ಸಾಕು. ಪದದ ನಡುವೆ ಸಾಲದು. ಒಂದು ಕ್ಲಿಪ್ ಪೂರ್ತಿ ಇಳಿದ ಮೇಲೆ ಇನ್ನೊಂದು ಏರಿದರೆ ಟಿಕ್ ಇರುವುದಿಲ್ಲ, ಆದರೆ ನಡುವೆ ಒಂದು ಕುಳಿ ಬೀಳುತ್ತದೆ. ಎರಡೂ ಒಂದರ ಮೇಲೊಂದು ಹಾಯಬೇಕು. ಅಡಾಸಿಟಿಯಲ್ಲಾದರೆ ಎರಡು ಟೇಕ್‌ಗಳನ್ನು ಮೇಲೆ ಕೆಳಗೆ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇಡಿ. ತುದಿಗಳು ಸ್ವಲ್ಪ ಹಾಯುವಂತೆ ಸರಿಸಿ 'ಕ್ರಾಸ್‌ಫೇಡ್ ಟ್ರ್ಯಾಕ್ಸ್' ಹಾಕಿ. ಬೇರೆ ಬೇರೆ ಟೇಕ್ ಆದರೆ ಕಾನ್‌ಸ್ಟಂಟ್ ಪವರ್ (ಎರಡರ ಒಟ್ಟು ಶಕ್ತಿ ಸಮನಾಗಿರುವ ಫೇಡ್) ಆರಿಸಿ. ಅಲ್ಲಿ ಕಾನ್‌ಸ್ಟಂಟ್ ಗೇನ್ (ಎರಡರ ಮಟ್ಟ ಕೂಡಿಸಿದರೆ ಸದಾ ಒಂದೇ ಬರುವ ಫೇಡ್) ಹಾಕಿದರೆ ನಟ್ಟನಡುವೆ ಸುಮಾರು 3 ಡೆಸಿಬಲ್ ಕುಸಿಯುತ್ತದೆ. ಎರಡೂ ಕಡೆ ಒಂದೇ ಅಲೆ ಸರಿಯಾಗಿ ಕೂತಿದ್ದರೆ ಮಾತ್ರ ಕಾನ್‌ಸ್ಟಂಟ್ ಗೇನ್.

ಪಕ್ಕದಕೋಣೆ:
ಉಸಿರಿನ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ವಾಪಸ್ ತನ್ನಿ! ಉಸಿರು ಅದರ ಮುಂದಿನ ಸಾಲಿಗೆ ಸೇರಿದ್ದು. ಆ ಸಾಲು ಯಾವ ಟೇಕ್‌ನದೋ ಉಸಿರೂ ಅದೇ ಟೇಕ್‌ನದಾಗಲಿ, ಕತ್ತರಿ ಉಸಿರಿಗಿಂತ ಮುಂಚೆ ಬೀಳಲಿ. ಜೋರಾಗಿದ್ದರೆ 6ರಿಂದ 10 ಡೆಸಿಬಲ್ ತಗ್ಗಿಸಿ. ಉಳಿದ ಖಾಲಿ ಜಾಗಕ್ಕೆ ರೂಮ್ ಟೋನ್ (ಯಾರೂ ಹಾಡದಿರುವಾಗ ಕೋಣೆಯಲ್ಲಿರುವ ಸದ್ದು) ಹಾಕಿ. ಅದೇ ಮೈಕ್, ಅದೇ ಗೇನ್, ಅದೇ ಜಾಗ. ಅರ್ಧ ನಿಮಿಷ ಅಲ್ಲಾಡದೆ ಕೂತು ಮೌನವನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಫ್ಯಾನ್ ಆರಿಸಿ ಹಾಡಿದ್ದರೆ ಈಗಲೂ ಆರಿಸಿ. ಆಮೇಲೆ ಕಂಪ್ರೆಸರ್ ಹಾಕಿಕೊಂಡೇ ಕೇಳಿ ನೋಡಿ. ಅದು ಸಣ್ಣ ಸದ್ದುಗಳನ್ನೆಲ್ಲ ಮೇಲೆತ್ತುತ್ತದೆ, ಅಡಗಿದ್ದ ಜೋಡಣೆಗಳು ಆಗ ಸಿಕ್ಕಿಬೀಳುತ್ತವೆ.

ಮಂದ್ರಸ್ಥಾಯಿ:
ಒತ್ತಕ್ಷರದ ಉಪಾಯ ಕೆಲಸ ಮಾಡಿತು, ಎಲ್ಲಿ ಕತ್ತರಿಸಿದ್ದು ಅಂತ ನನಗೇ ಹುಡುಕಬೇಕಾಯಿತು. ಉಸಿರೂ ವಾಪಸ್ ಬಂದಿದೆ. ಮುಂದಿನದು ಗಿಟಾರ್, ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದು. ಎರಡನ್ನೂ ಬೇರೆ ಬೇರೆ ಕತ್ತರಿಸಬಹುದಾ?

ಕತ್ತರಿಕಿವಿ:
ಬೇಡ. ಎರಡೂ ಟ್ರ್ಯಾಕ್‌ಗಳನ್ನು ಗ್ರೂಪ್ ಮಾಡಿ ಒಂದೇ ಜಾಗದಲ್ಲಿ ಒಟ್ಟಿಗೆ ಕತ್ತರಿಸಿ, ಸರಿಸುವುದಿದ್ದರೂ ಒಟ್ಟಿಗೇ ಸರಿಸಿ. ಒಂದರದ್ದು 1 ಮಿಲಿಸೆಕೆಂಡ್ ಜರುಗಿದರೂ 500 ಹರ್ಟ್ಸ್ ಹತ್ತಿರ ಎರಡು ಮೈಕ್‌ಗಳ ಸದ್ದು ಒಂದನ್ನೊಂದು ತಿಂದುಹಾಕುತ್ತದೆ, ಗಿಟಾರ್ ಟೊಳ್ಳಾಗಿ ಕೇಳಿಸುತ್ತದೆ. ಕತ್ತರಿಸುವ ಜಾಗ ತಂತಿ ಮೀಟುವುದಕ್ಕಿಂತ ಒಂದೆರಡು ಮಿಲಿಸೆಕೆಂಡ್ ಮುಂಚೆ ಇರಲಿ. ಹಿಂದಿನ ಸ್ವರದ ಬಾಲ ಅಲ್ಲಿ ಇನ್ನೂ ಮೊಳಗುತ್ತಿದ್ದರೆ ಫೇಡನ್ನು ಹಿಂದಕ್ಕೆ ಉದ್ದ ಮಾಡಿ. ಮೀಟಿದ ಸದ್ದಿನ ಮೇಲೆ ಮಾತ್ರ ಫೇಡ್ ಬರಬಾರದು.