ಅಪ್‌ಡೇಟ್: ಆ ಬೆಳ್ಳಿ ನಾಣ್ಯ ಅಗಸ್ಟಸ್‌ನದಲ್ಲ, ಟಿಬೇರಿಯಸ್‌ನದು

ಲಂಡನ್ನಿನ ಮಾರಾಟಗಾರರೊಬ್ಬರು ಅಗಸ್ಟಸ್ ಚಕ್ರವರ್ತಿಯದೆಂದು ಚೀಟಿ ಬರೆದು ಮಾರಿದ ರೋಮನ್ ಬೆಳ್ಳಿ ನಾಣ್ಯ ನಿಜಕ್ಕೂ ಅವನದೇ, ಅಲ್ಲವೇ ಎಂದು ಕಳೆದ ತಿಂಗಳು ಕೇಳಿದ್ದೆ. ಅಂಚಿನ ಬರಹವನ್ನು ಪೂರ್ತಿ ಓದಿ ನೋಡಿ ಎಂದು ಸಲಹೆ ನೀಡಿದವರಿಗೆ ನಾನು ಕೃತಜ್ಞ.

ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದೆ. ಕೊನೆಯಲ್ಲಿರುವ ‘ಅಗಸ್ಟಸ್’ ಎಂಬುದೇ ಗೊಂದಲಕ್ಕೆ ಕಾರಣ. ಇಲ್ಲಿ ಅದು ಬಿರುದು. ಬರಹದ ಅರ್ಥ ‘ದೈವತ್ವಕ್ಕೇರಿದ ಅಗಸ್ಟಸ್‌ನ ಮಗ ಟಿಬೇರಿಯಸ್ ಸೀಸರ್ ಅಗಸ್ಟಸ್’ ಎಂದು. ಟಿಬೇರಿಯಸ್ ಎಂದರೆ ಅಗಸ್ಟಸ್ ನಂತರ ಪಟ್ಟಕ್ಕೆ ಬಂದ ಚಕ್ರವರ್ತಿ. ಕ್ರಿ.ಶ. 14ರಲ್ಲಿ ಅಗಸ್ಟಸ್ ತೀರಿಕೊಂಡ ಬಳಿಕವೇ ಸೆನೆಟ್ ಅವನನ್ನು ದೇವರೆಂದು ಘೋಷಿಸಿದ್ದರಿಂದ, ನಾಣ್ಯ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ.

‘ಮಗ’ ಎಂಬ ಪದದ ಬಳಿ ನನ್ನ ಮನಸ್ಸು ಬಹಳ ಹೊತ್ತು ನಿಂತಿತು. ಟಿಬೇರಿಯಸ್ ಹುಟ್ಟಿದ್ದು ಅಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾಳ ಮೊದಲ ಮದುವೆಯಲ್ಲಿ. ಅವನು ಪ್ರೀತಿಸುತ್ತಿದ್ದ ಹೆಂಡತಿ ವಿಪ್ಸಾನಿಯಾಳಿಂದ ವಿಚ್ಛೇದನ ಕೊಡಿಸಿ, ತನ್ನ ಮಗಳು ಜೂಲಿಯಾಳೊಂದಿಗೆ ಮದುವೆ ಮಾಡಿಸಿದ ಅಗಸ್ಟಸ್, ಮೊಮ್ಮಕ್ಕಳಾದ ಲೂಸಿಯಸ್ ಮತ್ತು ಗಾಯಸ್ ಇಬ್ಬರೂ ಸತ್ತ ಮೇಲೆ, ಕ್ರಿ.ಶ. 4ರಲ್ಲಷ್ಟೇ ಅವನನ್ನು ದತ್ತು ತೆಗೆದುಕೊಂಡ. ಇಷ್ಟೆಲ್ಲ ನೋವಿನ ಸಂಬಂಧವನ್ನು ಎರಡು ಸೆಂಟಿಮೀಟರೂ ಇಲ್ಲದ ಈ ಬೆಳ್ಳಿಯ ಬಿಲ್ಲೆ ಒಂದೇ ಪದದಲ್ಲಿ ಮುಚ್ಚಿಬಿಡುತ್ತದೆ.

ಹಿಂಬದಿಯಲ್ಲಿ ದಂಡ ಮತ್ತು ಕೊಂಬೆ ಹಿಡಿದು ಕುಳಿತ ಸ್ತ್ರೀಯಿದ್ದಾಳೆ. ಅವಳನ್ನು ಲಿವಿಯಾ ಎಂದು ಗುರುತಿಸುವವರು ಅನೇಕರು. ತೂಕ 3.7 ಗ್ರಾಂ ಬಂದಿತು. ನಂತರದ ಚಕ್ರವರ್ತಿ ನೀರೋ ಕ್ರಿ.ಶ. 64ರ ಸುಮಾರಿಗೆ ತೂಕ ಇಳಿಸುವುದಕ್ಕೆ ಮೊದಲಿನ, ರೋಮನ್ ಬೆಳ್ಳಿ ನಾಣ್ಯವಾದ ದಿನಾರಿಯಸ್‌ಗೆ ಇದು ಸರಿಹೊಂದುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಟಿಬೇರಿಯಸ್‌ನ ದಿನಾರಿಯಸ್ ದೊರೆತಿದೆ ಎಂಬುದನ್ನು ಓದಿ ಬಹಳ ಸಂತೋಷವಾಯಿತು.

ಮಾರಾಟಗಾರರು ತಪ್ಪನ್ನು ಒಪ್ಪಿಕೊಂಡು ಚೀಟಿಯನ್ನು ತಿದ್ದಿಕೊಟ್ಟಿದ್ದಾರೆ. ನಾಣ್ಯವನ್ನು ನಾನೇ ಇಟ್ಟುಕೊಂಡಿದ್ದೇನೆ.