ಝಡ್4 ಎತ್ತಲು ಯಾವ ಜ್ಯಾಕ್ ಪ್ಯಾಡ್ ಒಳ್ಳೇದು? ಅಂಗಳ ಇಂಟರ್‌ಲಾಕ್

ಉಪ್ಪಳದವ:
ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4, ಇ89 ಮಾಡೆಲ್. ಮಳೆ ಹಿಡಿಯುವ ಮೊದಲು ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ನೋಡಬೇಕು, ಒಳಗೆ ಮೆತ್ತಿಕೊಂಡಿರುವ ಕೆಂಪು ಮಣ್ಣು ತೊಳೆಯಬೇಕು ಅಂತಿದ್ದೇನೆ. ಈ ಗಾಡಿ ರನ್‌ಫ್ಲ್ಯಾಟ್ ಟೈರಿನಲ್ಲಿ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಬರುವುದರಿಂದ ಸ್ಟೆಪ್ನಿಯೂ ಇಲ್ಲ, ಜ್ಯಾಕೂ ಇಲ್ಲ. ಟ್ರಾಲಿ ಜ್ಯಾಕ್ (ಚಕ್ರ ಇರುವ ಜ್ಯಾಕ್) ತಗೊಳ್ಳಬಹುದು, ಆದರೆ ಅದರ ಕಬ್ಬಿಣದ ತಟ್ಟೆ ನೇರ ಗಾಡಿಯ ಅಡಿಗೆ ತಾಗುವುದು ನನಗೆ ಬೇಡ. ಹೋದ ವರ್ಷ ಮಂಗಳೂರಿನ ಒಂದು ಅಲೈನ್‌ಮೆಂಟ್ ಅಂಗಡಿಯಲ್ಲಿ ಲಿಫ್ಟಿನ ಕೈಯನ್ನು ಎಲ್ಲೋ ಕೊಟ್ಟು ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಕವರ್ ಸೀಳಿಬಿಟ್ಟಿದ್ದರು, ಆಮೇಲಿಂದ ಯಾರ ಕೈಗೂ ಕೊಡಲು ಮನಸ್ಸಿಲ್ಲ.

ತಟ್ಟೆಗೂ ಗಾಡಿಗೂ ನಡುವೆ ಇಡುವ ಪ್ಯಾಡ್ ಆನ್‌ಲೈನಲ್ಲಿ ನೋಡಿದರೆ ರಬ್ಬರ್, ಪಾಲಿಯುರೆಥೇನ್, ಅಲ್ಯೂಮಿನಿಯಂ, ಮ್ಯಾಗ್ನೆಟ್ ಇರುವುದು, ನಡುವೆ ಸೀಳು ಇರುವುದು ಅಂತ ಎಷ್ಟೋ ಇವೆ. ಯಾವುದು ತಗೊಳ್ಳಲಿ? ಕೆಲಸ ಮಾಡುವುದು ಮನೆ ಅಂಗಳದಲ್ಲಿ, ಇಂಟರ್‌ಲಾಕ್ ಕಲ್ಲು ಹಾಕಿದೆ.

ಬದಿಯಡ್ಕ ಮೆಕ್ಯಾನಿಕ್:
ಮೊದಲು ಟಾರ್ಚ್ ಹಿಡಿದು ಅಡಿ ನೋಡಿ ಮಾರಾಯ್ರೆ, ಪ್ಯಾಡ್ ಆಮೇಲೆ. ನಿಮ್ಮ ಗಾಡಿಯಲ್ಲಿ ಮುಂದಿನ ಚಕ್ರದ ಹಿಂದೆ ಒಂದು, ಹಿಂದಿನ ಚಕ್ರದ ಮುಂದೆ ಒಂದು, ಎರಡೂ ಬದಿ ಸೇರಿ ನಾಲ್ಕು ಕಪ್ಪು ಪ್ಲಾಸ್ಟಿಕ್ ತುಂಡುಗಳು ಇರುತ್ತವೆ. ಅದರ ನಡುವೆ ಆಯತಾಕಾರದ ಗುಳಿ ಇದೆ. ಬಿಎಂಡಬ್ಲ್ಯೂಗೆ ಅಂತ ಮಾರುವ ಪ್ಯಾಡಿನ ಮೇಲಿನ ಉಬ್ಬು ಆ ಗುಳಿಯೊಳಗೆ ಕೂರುತ್ತದೆ, ಆಚೆ ಈಚೆ ಜಾರುವುದಿಲ್ಲ.

ಸೀಳು ಇರುವ ಪ್ಯಾಡ್ ಸ್ವಿಫ್ಟ್, ಪೋಲೊ ತರದ ಗಾಡಿಗಳಿಗೆ. ಅವುಗಳ ಅಡಿಯಲ್ಲಿ ತಗಡಿನ ಅಂಚು ಕೆಳಗೆ ಇಳಿದಿರುತ್ತದೆ. ಆ ಅಂಚು ಸೀಳಿನೊಳಗೆ ಹೋಗಿ ಭಾರ ಅಕ್ಕಪಕ್ಕಕ್ಕೆ ಬೀಳಬೇಕು, ಇಲ್ಲದಿದ್ದರೆ ಅಂಚು ಮಡಚಿಕೊಳ್ಳುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್‌ಗೆ ದುಂಡು ಗುಳಿ, ಅದಕ್ಕೆ ದುಂಡು ಮೊಳೆ ಇರುವ ಪ್ಯಾಡ್. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎಷ್ಟೇ ದುಡ್ಡು ಕೊಟ್ಟ ಪ್ಯಾಡ್ ಆದರೂ ಆಕಾರ ಹೊಂದದಿದ್ದರೆ ಬರೀ ತುಂಡು ರಬ್ಬರಿಗೆ ಸಮ.

ಸೀತಾಂಗೋಳಿ ರೈಡರ್:
ನಾನು ಪಾಲಿಯುರೆಥೇನ್ ಅನ್ನುತ್ತೇನೆ. ರಬ್ಬರ್ ಕೆಟ್ಟದ್ದಲ್ಲ, ಆದರೆ ನಮ್ಮ ಸೆಕೆಗೆ, ಬಿಸಿಲಿಗೆ ಬೇಗ ಬಿರುಕು ಬಿಡುತ್ತದೆ. ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಉಗುರು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿನದ್ದಂತೂ ಬೇಡವೇ ಬೇಡ, ಭಾರ ಬಿದ್ದಾಗ ಒಂದು ಬದಿಗೆ ಹಿಸುಕಿಕೊಂಡು ಗಾಡಿ ವಾಲುತ್ತದೆ. ಅಲ್ಯೂಮಿನಿಯಂ ಗಟ್ಟಿ ಹೌದು, ಆದರೆ ಜ್ಯಾಕಿನ ಕಬ್ಬಿಣದ ತಟ್ಟೆಯ ಮೇಲೆ ಲೋಹಕ್ಕೆ ಲೋಹ, ಜಾರುವ ಸಾಧ್ಯತೆ ಜಾಸ್ತಿ. ಮ್ಯಾಗ್ನೆಟ್ ಇದ್ದರೆ ಪ್ಯಾಡ್ ತಟ್ಟೆಗೆ ಅಂಟಿಕೊಂಡು ಗಾಡಿ ಅಡಿಗೆ ತಳ್ಳುವಾಗ ಬೀಳುವುದಿಲ್ಲ, ಅಷ್ಟೇ ಉಪಕಾರ. ಭಾರ ಹೊರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಉಪ್ಪಳದವ:
ಥ್ಯಾಂಕ್ಸ್. ಎತ್ತರದ ಪ್ಯಾಡ್ ತಗೊಂಡರೆ ಜ್ಯಾಕಿನ ಎತ್ತರ ಕಡಿಮೆ ಸಾಕಾಗುತ್ತದೆ ಅಲ್ವಾ? ದಪ್ಪದ್ದೇ ಒಳ್ಳೇದಾ?

ಬದಿಯಡ್ಕ ಮೆಕ್ಯಾನಿಕ್:
ಇಲ್ಲ, ಅದು ಉಲ್ಟಾ. ಸ್ಪೋರ್ಟ್ಸ್ ಕಾರಿಗೆ ಕಷ್ಟ ಇರುವುದೇ ಜ್ಯಾಕ್ ಒಳಗೆ ಹೋಗುವುದರಲ್ಲಿ. ನೆಲದಿಂದ ಆ ಗುಳಿಗೆ 13 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. ಪ್ಯಾಡ್ 3 ಸೆಂ.ಮೀ. ತಿಂದರೆ ಜ್ಯಾಕಿಗೆ ಉಳಿಯುವುದು 10. ಸಾಮಾನ್ಯ ಟ್ರಾಲಿ ಜ್ಯಾಕ್ ಪೂರ್ತಿ ಇಳಿಸಿದರೂ 13-14 ಇರುತ್ತದೆ, ನುಗ್ಗುವುದೇ ಇಲ್ಲ. 8 ಸೆಂ.ಮೀ. ಆಸುಪಾಸಿಗೆ ಇಳಿಯುವ ಲೋ ಪ್ರೊಫೈಲ್ ಜ್ಯಾಕ್ ಬೇಕು. ಅಥವಾ ಮೊದಲು ಚಕ್ರಗಳನ್ನು ಅಗಲದ ಮರದ ಹಲಗೆಯ ಮೇಲೆ ಹತ್ತಿಸಿ. ನಿಮ್ಮ ಗಾಡಿಯನ್ನು ನೀವೇ ಅಳೆದು ಆಮೇಲೆ ಆರ್ಡರ್ ಮಾಡಿ.

ಇನ್ನೊಂದು ಕಾರಣ ಇದೆ. ಟ್ರಾಲಿ ಜ್ಯಾಕಿನ ತೋಳು ನೇರ ಮೇಲೆ ಏಳುವುದಿಲ್ಲ, ಬಿಲ್ಲಿನ ಹಾಗೆ ಬಾಗಿಕೊಂಡು ಏಳುತ್ತದೆ. ಹಾಗಾಗಿ ಎತ್ತುತ್ತಾ ಹೋದ ಹಾಗೆ ಜ್ಯಾಕಿನ ಚಕ್ರಗಳು ಸ್ವಲ್ಪ ಸ್ವಲ್ಪ ಉರುಳಬೇಕು. ಇಂಟರ್‌ಲಾಕಿನ ಸಂದಿಯಲ್ಲಿ ಆ ಸಣ್ಣ ಕಬ್ಬಿಣದ ಚಕ್ರ ಸಿಕ್ಕಿಹಾಕಿಕೊಂಡರೆ ಜ್ಯಾಕ್ ಕದಲುವುದಿಲ್ಲ, ತಟ್ಟೆ ಮಾತ್ರ ಪ್ಯಾಡನ್ನು ಬದಿಗೆ ಎಳೆಯುತ್ತದೆ. ಆಗ ಎತ್ತರದ ಪ್ಯಾಡ್ ಮಗುಚುತ್ತದೆ, ತಗ್ಗಿನ ಅಗಲದ ಪ್ಯಾಡ್ ತಡೆದುಕೊಳ್ಳುತ್ತದೆ. ಅದಕ್ಕೆ ಅಡಿಯಲ್ಲಿ 18 ಮಿ.ಮೀ. ಪ್ಲೈವುಡ್ ಹಾಸಿ, ಜ್ಯಾಕ್ ಪೂರ್ತಿ ಅದರ ಮೇಲೆಯೇ ಇರಲಿ. ಮಳೆ ಬಿದ್ದ ಮೇಲೆ ಇಂಟರ್‌ಲಾಕಿನ ಕೆಳಗಿನ ಹೊಯ್ಗೆ ಕೂತು ಒಂದೊಂದು ಕಲ್ಲು ಕುಸಿಯುತ್ತದೆ, ನೋಡಿರಬಹುದು. ಗಾಡಿ ಸುಮಾರು ಒಂದೂವರೆ ಟನ್. ಒಂದು ಮೂಲೆಯ ಭಾರ ಒಂದೇ ಕಲ್ಲಿನ ಮೇಲೆ ಬೀಳಬಾರದು.

ಪೆರ್ಲ ಅಣ್ಣ:
ಮೇಲಿನವರು ಪ್ಯಾಡ್ ಬಗ್ಗೆ ಎಲ್ಲ ಹೇಳಿದ್ದಾರೆ, ನಾನು ಜೀವದ ಬಗ್ಗೆ ಹೇಳುತ್ತೇನೆ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಬರೀ ಜ್ಯಾಕಿನ ಮೇಲೆ ಇರುವ ಗಾಡಿಯ ಅಡಿಗೆ ಕೈಕಾಲು ಹಾಕಬೇಡಿ. ನಿಮ್ಮ ಕೆಲಸಕ್ಕೆ ಅಡಿಗೆ ಹೋಗುವ ಅಗತ್ಯವೇ ಇಲ್ಲ. ಒಂದೊಂದೇ ಚಕ್ರ ಬಿಚ್ಚಿ, ಬಿಚ್ಚಿದ ಚಕ್ರವನ್ನು ಅಡ್ಡ ಮಲಗಿಸಿ ಬಾಗಿಲಿನ ಕೆಳಗೆ ತಳ್ಳಿ, ಜ್ಯಾಕ್ ಜಾರಿದರೂ ಗಾಡಿ ಅದರ ಮೇಲೆ ನಿಲ್ಲಲಿ, ಆಮೇಲೆ ಬ್ರೇಕ್ ಮುಟ್ಟಿ. ಎತ್ತಿದ ಗಾಡಿಯನ್ನು ಹೊರುವ ಸ್ಟ್ಯಾಂಡ್ ಇಡುವುದಾದರೆ ಅದರ ತಲೆಗೂ ಪ್ಯಾಡ್ ಬೇಕು. ಸ್ಟ್ಯಾಂಡ್ ಗುಳಿಯಲ್ಲಿ ಕೂರಬೇಕಾದರೆ ಜ್ಯಾಕಿಗೆ ಬೇರೆ ಜಾಗ ಬೇಕು, ಅದು ಎಲ್ಲಿ ಅಂತ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಇಡಿ. ಎಂಜಿನ್ ಅಡಿಯ ಎಣ್ಣೆ ತೊಟ್ಟಿಗೆ, ತಗಡಿನ ತಳಕ್ಕೆ ಜ್ಯಾಕ್ ಕೊಡಲೇಬೇಡಿ.

ಹಿಂದಿನ ಬದಿ ಎತ್ತುವಾಗ ಹೆಚ್ಚು ಜಾಗ್ರತೆ ಬೇಕು. ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಗೇರ್ ಹಿಡಿಯುವುದೂ ಹಿಂದಿನ ಚಕ್ರಗಳನ್ನೇ. ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಡಿ. ಬೋಲ್ಟ್ ನೆಲದಲ್ಲಿ ಇರುವಾಗಲೇ ಸ್ವಲ್ಪ ಸಡಿಲಿಸಿ, ಕೊನೆಗೆ ಇಳಿಸಿದ ಮೇಲೆ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಮಾಡು (ಮೇಲ್ಛಾವಣಿ) ತೆರೆಯುವ ಗಾಡಿ ಅಲ್ವಾ, ಎತ್ತುವಾಗ ಬಾಗಿಲು ಮುಚ್ಚಿರಲಿ, ಮಾಡು ಆಡಿಸಬೇಡಿ.

ಉಪ್ಪಳದವ:
ತುಂಬಾ ಉಪಕಾರ ಆಯ್ತು. ಈಗ ಅಡಿ ನೋಡಿ ಬಂದೆ. ಹಿಂದಿನ ಎಡಬದಿಯ ಪ್ಲಾಸ್ಟಿಕ್ ಗುಳಿ ಒಡೆದಿದೆ, ಅರ್ಧ ಇಲ್ಲವೇ ಇಲ್ಲ. ಅಲ್ಲಿ ಹಾಗೆಯೇ ಎತ್ತಬಹುದಾ?

ಬದಿಯಡ್ಕ ಮೆಕ್ಯಾನಿಕ್:
ಬೇಡ. ಆ ತುಂಡು ಬಿಡಿಯಾಗಿ ಸಿಗುತ್ತದೆ, ಮೊದಲು ಅದನ್ನು ತರಿಸಿ. ಒಡೆದದ್ದನ್ನು ಕಿತ್ತು ಒಳಗಿನ ತಗಡು ನೋಡಿ, ಸಮುದ್ರದ ಗಾಳಿಗೆ ತುಕ್ಕು ಹಿಡಿದಿರಬಹುದು. ಬರೀ ಮೇಲಿನ ತುಕ್ಕಾದರೆ ಉಜ್ಜಿ ಪ್ರೈಮರ್ ಕೊಟ್ಟು ಒಣಗಿದ ಮೇಲೆ ಹೊಸದನ್ನು ಒತ್ತಿ ಕೂರಿಸಿ. ಸ್ಕ್ರೂಡ್ರೈವರ್ ತುದಿಗೆ ತಗಡು ಉದುರಿದರೆ ಆ ಮೂಲೆಗೆ ಜ್ಯಾಕ್ ಕೊಡಬೇಡಿ, ಫೋಟೋ ಇಲ್ಲಿ ಹಾಕಿ.