ಪದಚರ್ಚೆ: ಫ್ರೆಂಚಿನ ‘ಅಬ್ರಿ’ಗೆ ಗುಹೆ ಎನ್ನಬಹುದೇ?

ಮಾನ್ಯರೇ,

ನೈಋತ್ಯ ಫ್ರಾನ್ಸಿನ ದೋರ್ದೋನ್ ಪ್ರಾಂತದಲ್ಲಿ, ವೆಜೇರ್ ನದಿಯ ದಂಡೆಯಲ್ಲಿರುವ ಲೆಜೇಜಿ ಎಂಬ ಪುಟ್ಟ ಕಮ್ಯೂನಿನ ಕುರಿತು ಬರೆಯುತ್ತಿರುವಾಗ ಎದುರಾದ ತೊಡಕೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. (ಕಮ್ಯೂನ್ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಸಣ್ಣ ಹಳ್ಳಿಯಿಂದ ಪ್ಯಾರಿಸ್ಸಿನವರೆಗೆ ಎಲ್ಲಕ್ಕೂ ಅಲ್ಲಿ ಅದೇ ಹೆಸರಿರುವುದರಿಂದ ‘ಗ್ರಾಮ ಪಂಚಾಯಿತಿ’ ಹೊಂದುವುದಿಲ್ಲ.)

ಆ ಊರಿನ ಸುಣ್ಣಕಲ್ಲಿನ ಕಡಿಬಂಡೆಗಳ ಬುಡವನ್ನು ಹಿಮವೂ ನೀರೂ ಸಾವಿರಾರು ವರ್ಷ ಕೊರೆದುದರಿಂದ, ಮೇಲಿನ ಬಂಡೆ ಸೂರಿನಂತೆ ಮುಂಚಾಚಿ, ಅದರಡಿಯಲ್ಲಿ ಬೆಳಕು ಬೀಳುವ ತೆರೆದ ತಾವುಗಳು ಉಂಟಾಗಿವೆ. ಇವನ್ನು ಫ್ರೆಂಚರು ‘ಅಬ್ರಿ’, ಅಂದರೆ ಆಸರೆ, ಎನ್ನುತ್ತಾರೆ. 1868ರಲ್ಲಿ ಪ್ರಾಚೀನ ಮಾನವರ ಅಸ್ಥಿಗಳು ಸಿಕ್ಕಿ, ಲೂಯಿ ಲಾರ್ತೆ ಉತ್ಖನನ ನಡೆಸಿದ ಕ್ರೋಮ್ಯಾಗ್ನನ್ ಇಂಥದೇ ಒಂದು ಅಬ್ರಿ. ಅಲ್ಲಿನ ಆಕ್ಸಿಟನ್ ನುಡಿಯಲ್ಲಿ ‘ಕ್ರೋ’ ಎಂದರೆ ಪೊಳ್ಳು, ತಗ್ಗು. ನಮ್ಮಲ್ಲಿ ಮಾತ್ರ ‘ಕ್ರೋಮ್ಯಾಗ್ನನ್ ಗುಹೆ’ ಎಂದೇ ರೂಢಿಯಾಗಿದೆ.

ಒಂದೇ ಜಾಗವಾದರೆ ಈ ರೂಢಿಯನ್ನು ಸಹಿಸಿಕೊಳ್ಳಬಹುದಿತ್ತು. ಆದರೆ 1901ರಲ್ಲಿ ವರ್ಣಚಿತ್ರಗಳು ಬೆಳಕಿಗೆ ಬಂದ ಫೋಂ ದ ಗೋಮ್ ಕೂಡ ಅದೇ ಊರಿನಲ್ಲಿದೆ. ನೂರು ಮೀಟರಿಗೂ ಹೆಚ್ಚು ಒಳಹೋಗುವ, ಹಗಲಿನಲ್ಲೂ ಕಗ್ಗತ್ತಲಿರುವ ನಿಜವಾದ ಗುಹೆ ಅದು. ಫ್ರೆಂಚಿನಲ್ಲಿ ಅದಕ್ಕೆ ‘ಗ್ರೋತ್’ ಎಂಬ ಬೇರೆ ಪದವೇ ಇದೆ. ಇನ್ನೊಂದೆಡೆ, ಚಾವಣಿಯಲ್ಲಿ ಸುಮಾರು ಒಂದು ಮೀಟರ್ ಉದ್ದದ ಸಾಲ್ಮನ್ ಮೀನಿನ ಕೆತ್ತನೆಯಿರುವ ತಾಣವನ್ನು ‘ಮೀನಿನ ಅಬ್ರಿ’ ಎಂದು ಕರೆಯುತ್ತಾರೆ. ಎರಡಕ್ಕೂ ಗುಹೆ ಎಂದರೆ, ಒಂದು ಜನ ಬದುಕಿದ ಹೊರಾಂಗಣ, ಇನ್ನೊಂದು ದೀಪ ಹಿಡಿದು ಹೊಕ್ಕು ಚಿತ್ರ ಬರೆದ ಒಳಗತ್ತಲೆ ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ಶಿಲಾಶ್ರಯ’ ನನಗೆ ತೀರ ಪಾರಿಭಾಷಿಕವಾಗಿ ಕೇಳಿಸುತ್ತದೆ. ಕನ್ನಡದ ಪುರಾತತ್ವ ಬರಹಗಳಲ್ಲಿ ಕಾಣುವ ‘ಕಲ್ಲಾಸರೆ’ಯೇ ಮೇಲು, ಏಕೆಂದರೆ ಫ್ರೆಂಚ್ ಪದದ ಅರ್ಥವೂ ಅದರಲ್ಲಿ ಬಂದುಬಿಡುತ್ತದೆ. ಆದರೂ ಬಾದಾಮಿಯ ಬಳಿಯ, ಪ್ರಾಚೀನ ಬಂಡೆಚಿತ್ರಗಳಿರುವ ‘ಸಿಡಿಲಪಡಿ’ಯ ಹೆಸರು ಮನಸ್ಸಿನಲ್ಲಿ ಕೊರೆಯುತ್ತಿದೆ. ಇಲ್ಲಿನ ‘ಪಡಿ’ ಬಾಗಿಲ ಪಡಿಯಲ್ಲ, ಅಳತೆಯ ಪಡಿಯೂ ಅಲ್ಲ. ಬಂಡೆ ಎಂದು ಅದನ್ನು ಅರ್ಥೈಸುತ್ತಾರೆ. ಆ ಸೀಮೆಯ ಕುರಿಗಾಹಿಗಳು ಮಳೆ ಬಂದಾಗ ‘ಪಡಿಯ ಕೆಳಗೆ’ ನಿಲ್ಲುತ್ತಾರೆಯೇ, ‘ಪಡಿಯೊಳಗೆ’ ನಿಲ್ಲುತ್ತಾರೆಯೇ? ಎರಡನೆಯದಾದರೆ, ಪಡಿ ಎಂದರೆ ಬರಿಯ ಬಂಡೆಯಲ್ಲ, ಅದರಡಿಯ ಆಸರೆಯೂ ಹೌದು. ಬಾದಾಮಿ, ಗುಳೇದಗುಡ್ಡದ ಕಡೆಯವರು ತಮ್ಮ ಮನೆಮಾತಿನ ಬಳಕೆಯನ್ನು ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.